ಸ್ಟಾಕ್‌ಹೋಮ್‌ನಲ್ಲಿ ಊಟ: ಹಳೇ ಪೇಟೆ, ದಾಗೆನ್ಸ್ ಲಂಚ್, ಮಾರ್ಕೆಟ್ ಹಾಲ್, ಯಾವುದು ವಾಸಿ?

ಸ್ಟಾಕ್‌ಹೋಮ್‌ಗೆ ಹೊರಟವರೆಲ್ಲ ಕೇಳುವುದು "ಎಲ್ಲಿ ಊಟ ಮಾಡೋದು?" ಅಂತ. ನಾನು ಮೊದಲು ಹೇಳುವುದು, ಯಾವ ಹೊತ್ತಿಗೆ ಊಟ ಮಾಡಬೇಕು ಅನ್ನೋದನ್ನು. ಅದೇ ಹೋಟೆಲು, ಅದೇ ಅಡುಗೆಮನೆ, ಮಧ್ಯಾಹ್ನ ಹೋದರೆ ಒಂದು ರೇಟು, ಸಂಜೆ 7 ಗಂಟೆಗೆ ಹೋದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಒಂದು ಸ್ವೀಡಿಷ್ ಕ್ರೋನಾ ಅಂದರೆ ಸುಮಾರು 9ರಿಂದ 10 ರೂಪಾಯಿ, ಆದ್ದರಿಂದ ಈ ವ್ಯತ್ಯಾಸ ಸಣ್ಣದೇನಲ್ಲ. ನಾನು ಕರಾವಳಿಯವನು, ಮೀನು ಮಾಂಸ ಎಲ್ಲ ನಡೆಯುತ್ತದೆ. ನನ್ನ ಹೆಂಡತಿ ಪೂರ್ತಿ ಸಸ್ಯಾಹಾರಿ. ಹೀಗಾಗಿ ಪ್ರತಿ ಜಾಗವನ್ನೂ ಎರಡು ಕಡೆಯಿಂದ ನೋಡಿದ್ದೇವೆ.

ಮೊದಲು ಹಳೇ ಪೇಟೆ, ಅಂದರೆ ಗಾಮ್ಲಾ ಸ್ತಾನ್. ನೋಡಲು ತುಂಬಾ ಚೆಂದ. ಆದರೆ ವೆಸ್ಟರ್‌ಲಾಂಗ್‌ಗಾಟನ್ ಬೀದಿಯಲ್ಲಿ ಬಾಗಿಲಲ್ಲೇ ನಾಲ್ಕೈದು ಭಾಷೆಯ ಮೆನು ತೂಗುಹಾಕಿರುವ ಕಡೆ ನಾನಂತೂ ಮತ್ತೆ ಹೋಗಲ್ಲ. ಮ್ಯಾಪ್‌ನಲ್ಲಿ ಒಳ್ಳೆ ಸ್ಟಾರ್ ಇದ್ದ ಒಂದು ಕಡೆ ಮೀಟ್‌ಬಾಲ್ ತಗೊಂಡೆ. 250 ಕ್ರೋನಾ ಮೇಲೆ ಆಯಿತು, ತಟ್ಟೆ ಉಗುರುಬೆಚ್ಚಗೂ ಇರಲಿಲ್ಲ, ಹೆಂಡತಿಗೆ ಸಿಕ್ಕಿದ್ದು ಬರೀ ಸಲಾಡ್. ಅಲ್ಲಿಗೆ ಸ್ಟಾರ್ ಕೊಡುವವರು ಹೆಚ್ಚಿನವರು ಒಂದೇ ಸಲ ಬಂದು ಹೋಗುವ ಪ್ರವಾಸಿಗಳು, ಪಕ್ಕದ ಹೋಟೆಲಿನ ರುಚಿ ಅವರಿಗೂ ಗೊತ್ತಿರಲ್ಲ ಅಲ್ವಾ?

ಅದೇ ಮೀಟ್‌ಬಾಲನ್ನು ಸೋದರ್‌ಮಾಲ್ಮ್ ದ್ವೀಪದ ಪೆಲಿಕಾನ್‌ನಲ್ಲಿ ತಿಂದು ನೋಡಿ. ಎತ್ತರದ ಚಾವಣಿಯ ಹಳೆಯ ಬಿಯರ್ ಹಾಲ್ ಅದು, ಸ್ವೀಡನ್ನಿನ ಮನೆಯೂಟದಂಥ ಅಡುಗೆಗೆ ಹೆಸರಾದದ್ದು. ಆಲೂಗೆಡ್ಡೆ, ಕೆನೆ ಸಾರು, ಲಿಂಗೊನ್ ಹಣ್ಣಿನ ಜಾಮ್, ಸೌತೆಕಾಯಿ ಉಪ್ಪಿನಕಾಯಿ. ಹುಳಿ, ಸಿಹಿ, ಉಪ್ಪು ಮೂರೂ ಒಂದೇ ತುತ್ತಿನಲ್ಲಿ. ಇದೂ ಅಗ್ಗವಲ್ಲ, ಆದರೆ ಒಂದು ಸಂಜೆ ದುಡ್ಡು ಖರ್ಚು ಮಾಡಲೇಬೇಕು ಅಂದರೆ ಇಲ್ಲಿ ಮಾಡಿ. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಅದು ನಿಜ.

ಈಗ ನನ್ನ ಪಾಲಿನ ನಂಬರ್ ಒನ್, ದಾಗೆನ್ಸ್ ಲಂಚ್, ಅಂದರೆ ಆ ದಿನದ ಊಟ. ಸೋಮವಾರದಿಂದ ಶುಕ್ರವಾರ, ಸಾಮಾನ್ಯವಾಗಿ 11ರಿಂದ 2ರವರೆಗೆ. ಆಫೀಸು ಜಾಸ್ತಿ ಇರುವ ಕುಂಗ್ಸ್‌ಹೋಲ್ಮೆನ್, ಉಡೆನ್‌ಪ್ಲಾನ್ ಕಡೆ ಪ್ರತಿ ಬೀದಿಯಲ್ಲೂ ಬಾಗಿಲ ಹೊರಗೆ ಬೋರ್ಡ್ ಇಟ್ಟಿರುತ್ತಾರೆ. ಮೀನಿನದೊಂದು, ಮಾಂಸದ್ದೊಂದು, ಸಸ್ಯಾಹಾರದ್ದೊಂದು, ಹೀಗೆ ಎರಡು ಮೂರು ಬಗೆ ಇರುತ್ತದೆ. ಸುಮಾರು 130ರಿಂದ 170 ಕ್ರೋನಾ. ಈ ದುಡ್ಡಿನಲ್ಲೇ ಸಲಾಡ್, ಬ್ರೆಡ್ಡು ಬೆಣ್ಣೆ, ಕುಡಿಯಲು ನೀರು, ಕೊನೆಗೆ ಕಾಫಿ ಎಲ್ಲ ಸಾಮಾನ್ಯವಾಗಿ ಸೇರಿರುತ್ತದೆ. ಸಲಾಡ್ ನಾವೇ ಬಡಿಸಿಕೊಳ್ಳುವುದು, ಕಾಫಿ ನಾವೇ ಬಗ್ಗಿಸಿಕೊಳ್ಳುವುದು. ಅಡುಗೆ ಎರಡೋ ಮೂರೋ ಬಗೆ ಮಾತ್ರ, ಟೇಬಲ್ ಬೇಗ ಬೇಗ ಖಾಲಿಯಾಗುತ್ತದೆ, ಅದಕ್ಕೇ ಈ ರೇಟು ಅವರಿಗೆ ಕಟ್ಟುತ್ತದೆ. ಪಕ್ಕದ ಟೇಬಲ್ಲಿನಲ್ಲಿ ಕೂತವರು ದಿನಾ ಬರುವ ಆಫೀಸಿನವರು, ಕೆಟ್ಟದಾಗಿ ಮಾಡಿದರೆ ನಾಳೆ ಅವರು ಬರಲ್ಲ. ನಾನು ಇದನ್ನು ಯಾವ ಸ್ಟಾರ್‌ಗಿಂತಲೂ ಜಾಸ್ತಿ ನಂಬುತ್ತೇನೆ. ಗುರುವಾರ ಸಿಕ್ಕರೆ ಬಟಾಣಿ ಸೂಪು, ಆಮೇಲೆ ಪ್ಯಾನ್‌ಕೇಕ್ ತಿನ್ನಿ, ಅಲ್ಲಿ ಗುರುವಾರಕ್ಕೆ ಅದೇ ಪದ್ಧತಿ. ಸೂಪಿನಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ, ಸಸ್ಯಾಹಾರಿಗಳು ಕೇಳಿಕೊಂಡೇ ತಗೊಳ್ಳಿ. ಯಾವ ಏರಿಯಾದಲ್ಲಿ ಇವತ್ತು ಏನು ಊಟ ಅಂತ ನೋಡಲು ಕ್ವಾರ್ಟೆರ್ಸ್‌ಮೆನ್ಯೂನ್ ಅನ್ನುವ ವೆಬ್‌ಸೈಟ್ ಇದೆ. ಸ್ವೀಡಿಷ್‌ನಲ್ಲಿದ್ದರೂ ಫೋನಿನಲ್ಲೇ ಅನುವಾದ ಮಾಡಿಕೊಂಡರೆ ಸಾಕು.

ಮಾರ್ಕೆಟ್ ಹಾಲ್‌ಗಳಲ್ಲಿ ಎರಡನ್ನು ನೋಡಿದೆವು. ಓಸ್ಟರ್‌ಮಾಲ್ಮ್ಸ್ ಸಾಲುಹಾಲ್ 1888ರದು, ರಿಪೇರಿ ಮುಗಿದು 2020ರಲ್ಲಿ ಮತ್ತೆ ತೆರೆಯಿತು. ಕೆಂಪು ಇಟ್ಟಿಗೆಯ ಕಟ್ಟಡ, ಒಳಗೆ ಮೀನು, ಚೀಸ್ ಜೋಡಿಸಿಟ್ಟಿರುವುದು ನೋಡುತ್ತಲೇ ಇರಬೇಕು ಅನಿಸುತ್ತದೆ. ಊಟಕ್ಕೆ ಮಾತ್ರ ನಮ್ಮ ಜೇಬಿಗೆ ಭಾರ. ನೆಲಮಾಳಿಗೆಯಲ್ಲಿರುವ ಹೋಟೋರ್ಯ್ಸ್‌ಹಾಲೆನ್ ಅಷ್ಟು ಚೆಂದವಿಲ್ಲ, ಆದರೆ ಅಲ್ಲಿನ ಕಾಯ್ಸಾಸ್ ಫಿಸ್ಕ್ ಅನ್ನುವ ಹೋಟೆಲಿನ ಮೀನಿನ ಸೂಪು ಒಂದು ಬಟ್ಟಲು ಕುಡಿದರೆ ಹೊಟ್ಟೆ ತುಂಬುತ್ತದೆ. ಈ ಎರಡರಲ್ಲಿ ನನ್ನ ವೋಟು ಇದಕ್ಕೇ.

ಇನ್ನೂ ಕಡಿಮೆಗೆ ಬೇಕಾದರೆ ಹಳೇ ಪೇಟೆಯ ಪಕ್ಕದ ಸ್ಲುಸೆನ್ ಹತ್ತಿರ ನೀಸ್ಟೆಕ್ಟ್ ಸ್ಟ್ರೋಮ್ಮಿಂಗ್ ಗಾಡಿ ಇದೆ. ಬಾಲ್ಟಿಕ್ ಸಮುದ್ರದ ಸಣ್ಣ ಹೆರಿಂಗ್ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಹುರಿದು, ಗರಿಗರಿ ರೈ ಬ್ರೆಡ್ ಮೇಲೋ ಆಲೂಗೆಡ್ಡೆ ಜೊತೆಗೋ ಕೊಡುತ್ತಾರೆ. ನಮ್ಮ ಕಡೆಯ ಬೂತಾಯಿ ಫ್ರೈ ಇಷ್ಟಪಡುವವರಿಗೆ ಇದು ಖಂಡಿತ ಹಿಡಿಸುತ್ತದೆ, ಖಾರ ಮಾತ್ರ ಇರಲ್ಲ. ನಿಂತುಕೊಂಡು ತಿನ್ನಬೇಕು, ಮಳೆ ಬಂದರೆ ಕಷ್ಟ.

ಸಸ್ಯಾಹಾರಿಗಳಿಗೆ ಹರ್ಮನ್ಸ್ ಬಿಟ್ಟು ಬೇರೆ ಹೆಸರು ಮೊದಲು ಹೇಳಲಾರೆ. ಫ್ಯೆಲ್‌ಗಾಟನ್ ಬೀದಿಯ ಬಂಡೆ ಅಂಚಿನಲ್ಲಿದೆ, ಪೂರ್ತಿ ವೀಗನ್ ಬಫೆ, ಅಂದರೆ ಹಾಲು, ಮೊಟ್ಟೆ ಕೂಡ ಇಲ್ಲದ ಊಟ. ಎದುರಿಗೆ ನೀರು, ಹಡಗು, ಆಚೆ ದಡದ ಯೂರ್‌ಗಾರ್ಡನ್ ದ್ವೀಪ ಎಲ್ಲ ಕಾಣುತ್ತದೆ. ಬೇಕಾದಷ್ಟು ಬಡಿಸಿಕೊಳ್ಳಬಹುದು. ಇಲ್ಲೂ ಅದೇ ಮಾತು, ವಾರದ ದಿನದ ಮಧ್ಯಾಹ್ನ ರೇಟು ಕಡಿಮೆ, ಸಂಜೆ ಜಾಸ್ತಿ. ನನ್ನ ಹೆಂಡತಿ ಇಡೀ ಊರಿನಲ್ಲಿ ನೆಮ್ಮದಿಯಿಂದ, ಏನಿದೆ ಏನಿಲ್ಲ ಅಂತ ವಿಚಾರಿಸದೆ ಊಟ ಮಾಡಿದ್ದು ಇಲ್ಲೇ. ಇಂಡಿಯನ್ ರೆಸ್ಟೋರೆಂಟ್‌ಗಳ ಮಧ್ಯಾಹ್ನದ ಬಫೆಯೂ ದಾಗೆನ್ಸ್ ಲಂಚ್‌ನ ರೇಟಿಗೇ ಸಿಗುತ್ತದೆ. ದಾಲ್, ಪನೀರ್, ನಾನ್, ಹೆಚ್ಚಾಗಿ ಪಂಜಾಬಿ ಅಡುಗೆ. ಅನ್ನ ಬೇಕೇ ಬೇಕು ಅನಿಸಿದ ದಿನಕ್ಕೆ ಪರವಾಗಿಲ್ಲ.

ರಾತ್ರಿಗೆ ನಾವು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದೆವು. ರೂಮಿನಲ್ಲಿ ಒಲೆ ಇದ್ದರೆ ಇಕಾ ಅಥವಾ ಲಿಡ್ಲ್ ಸೂಪರ್‌ಮಾರ್ಕೆಟ್‌ನಿಂದ ಅಕ್ಕಿ, ತರಕಾರಿ, ಜೊತೆಗೆ ಫಿಲ್‌ಮ್ಯೋಲ್ಕ್ ತನ್ನಿ. ಹುಳಿ ಬರಿಸಿದ ಹಾಲು ಅದು, ಅನ್ನಕ್ಕೆ ಕಲಸಿ ಒಗ್ಗರಣೆ ಹಾಕಿದರೆ ಒಳ್ಳೆ ಮೊಸರನ್ನ. ಪ್ಯಾಕೆಟ್ಟಿನಲ್ಲಿ ಹಣ್ಣಿನ ಚಿತ್ರ ಇದ್ದರೆ ತಗೋಬೇಡಿ, ಅದು ಸಿಹಿ.

ಹೊರಡುವ ಮುಂಚೆ ಎರಡು ವಿಷಯ. ಬಹಳ ಕಡೆ ನೋಟು ತಗೊಳ್ಳಲ್ಲ, ಕಾರ್ಡ್ ಬೇಕೇ ಬೇಕು. ಮತ್ತೆ ಜುಲೈನಲ್ಲಿ ಹೋಗುವವರು ಜೋಪಾನ, ಸ್ಥಳೀಯರೆಲ್ಲ ರಜೆಗೆ ಹೋಗುವ ತಿಂಗಳು ಅದು. ಮಧ್ಯಾಹ್ನದ ಊಟಕ್ಕೆ ಹೆಸರಾದ ಸಣ್ಣ ಹೋಟೆಲುಗಳು ಎಷ್ಟೋ ಮುಚ್ಚಿರುತ್ತವೆ, ಬಾಗಿಲಿಗೆ ಅಂಟಿಸಿದ ಚೀಟಿ ನೋಡಿ ವಾಪಸ್ ಬರಬೇಕಾಗುತ್ತದೆ. ಮೇ ಅಥವಾ ಸೆಪ್ಟೆಂಬರ್ ಆದರೆ ಆ ತೊಂದರೆ ಇಲ್ಲ.