ಹಳೆ ಸ್ಪ್ಲೆಂಡರ್‌ಗೆ ಮಾರ್ಕೆಟ್ ಸಿಡಿಐ ಸೆಟ್: ಬೇಸಿಗೆ, ಮಳೆಗಾಲ ದಾಟಿದ ಮೇಲೆ

ಗಾಡಿ: 2011ಕ್ಕಿಂತ ಮುಂಚಿನ ಹೀರೋ ಹೋಂಡಾ ಸ್ಪ್ಲೆಂಡರ್, ಕಿಕ್ ಮಾದರಿ, ಕೆಎ-32 (ಕಲಬುರಗಿ) ನೋಂದಣಿ. ಕೊಂಡಾಗ ಬ್ಯಾಟರಿ, ಒಂದು ಸೈಡ್ ಕವರ್, ಸಿಡಿಐ (ಪ್ಲಗ್ಗಿನ ಕಿಡಿ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಡಬ್ಬಿ) ಕೂರುವ ರಬ್ಬರ್, ಎಚ್‌ಟಿ ಕಾಯಿಲ್‌ನ (ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್) ಬೋಲ್ಟುಗಳು ಇರಲಿಲ್ಲ. ಕೀ ಹಾಕುವ ಲಾಕ್‌ನ ಸಾಕೆಟ್ ಕತ್ತರಿಸಿ, ವೈರ್ ತಿರುಚಿ ಟೇಪ್ ಸುತ್ತಿದ್ದರು. ಹಾಕಿದ್ದು ಸಿಡಿಐ, ಎಚ್‌ಟಿ ಕಾಯಿಲ್, ಪ್ಲಗ್ ಕ್ಯಾಪ್ ಮೂರೂ ಸೇರಿದ, ಕಂಪನಿಯದಲ್ಲದ ಸೆಟ್. ಅಂಕ: ಐದಕ್ಕೆ ಮೂರೂವರೆ.

ಕಳೆದ ಒಂದೂವರೆ ಅಂಕದಲ್ಲಿ ಹೆಚ್ಚಿನದು ಪ್ಲಗ್ ಕ್ಯಾಪ್‌ನ ಪಾಲು. ಸಿಡಿಐ ಮಾತ್ರ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಲ್ಲೂ ಕೈಕೊಟ್ಟಿಲ್ಲ. ಆದರೆ ಈ ಸೆಟ್ ಕೊಳ್ಳುವ ಬಹಳ ಗಾಡಿಗಳಿಗೆ ಸಿಡಿಐ ಬೇಕೇ ಇರುವುದಿಲ್ಲ. ಗಾಡಿ ಚಾಲೂ ಆಗದಿದ್ದರೆ ‘ಸಿಡಿಐ ಹೋಗ್ಯಾದ್ರೀ’ ಅಂದುಬಿಡುವುದು ಸುಲಭ. ಮಲ್ಟಿಮೀಟರ್ ಹಿಡಿದು ಅಳೆಯುವವರು ಕಡಿಮೆ.

ಬ್ಯಾಟರಿ ಇಲ್ಲ ಅಂತ ಮೊದಲಿಗೇ ಹೆದರಬೇಡಿ. ಈ ಗಾಡಿಯದು ಎಸಿ ಸಿಡಿಐ. ಪ್ಲಗ್ಗಿನ ಕರೆಂಟು ಮ್ಯಾಗ್ನೆಟ್‌ ಒಳಗಿನ ಕಾಯಿಲ್‌ನಿಂದಲೇ ಬರುತ್ತದೆ, ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ. ಹಾರ್ನ್, ಇಂಡಿಕೇಟರ್‌ಗೆ 12 ವೋಲ್ಟ್, 2.5 ಆಂಪಿಯರ್-ಅವರ್ ಬ್ಯಾಟರಿ ಆಮೇಲೆ ತಂದರಾಯಿತು.

ಸಿಡಿಐಗೆ ಬರುವ ವೈರುಗಳ ಬಣ್ಣ ಹೋಂಡಾದ ಹಳೇ ಪದ್ಧತಿಯದು. ಕಪ್ಪು-ಕೆಂಪು ಮ್ಯಾಗ್ನೆಟ್ ಕಾಯಿಲ್‌ನದು, ನೀಲಿ-ಬಿಳಿ ಕಿಡಿ ಹಾರುವ ಹೊತ್ತು ತಿಳಿಸುವ ಪಲ್ಸರ್ ಕಾಯಿಲ್‌ನದು, ಹಸಿರು ಅರ್ತಿಂಗ್, ಕಪ್ಪು-ಹಳದಿ ಎಚ್‌ಟಿ ಕಾಯಿಲ್‌ಗೆ ಹೋಗುವುದು, ಕಪ್ಪು-ಬಿಳಿ ಲಾಕ್‌ನದು. ಈ ಕೊನೆಯ ವೈರ್ ಅರ್ತ್ ಆದರೆ ಎಂಜಿನ್ ಬಂದ್. ಹಾಗಾಗಿ ಮೊದಲ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಸಿಡಿಐ ಸಾಕೆಟ್ಟಿನಿಂದ ಕಪ್ಪು-ಬಿಳಿ ವೈರ್ ಬಿಡಿಸಿ, ಪ್ಲಗ್ ತೆಗೆದು ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್ಗಿನ ಲೋಹ ಎಂಜಿನ್‌ಗೆ ತಾಗಿಸಿ ಕಿಕ್ ಹೊಡೆಯಿರಿ. ವೈರ್ ಸಿಕ್ಕಿಸಿದ್ದಾಗ ಬಾರದ ನೀಲಿ ಕಿಡಿ ಈಗ ಬಂದರೆ ದೋಷ ಲಾಕ್‌ನಲ್ಲಿ ಅಥವಾ ಆ ತಿರುಚಿದ ವೈರಿನಲ್ಲಿ, ಸೆಟ್ ಕೊಳ್ಳುವ ಕೆಲಸವೇ ಇಲ್ಲ. ಪ್ಲಗ್ ತೆಗೆದ ರಂಧ್ರದ ಹತ್ತಿರ ಕಿಡಿ ಹಾರಿಸಬೇಡಿ, ಪೆಟ್ರೋಲ್ ಆವಿ ಹೊತ್ತಿಕೊಳ್ಳುತ್ತದೆ. ಕ್ಯಾಪನ್ನು ಗಾಳಿಯಲ್ಲಿ ತೂಗಬಿಟ್ಟು ಕಿಕ್ ಹೊಡೆಯುವುದೂ ಬೇಡ. ದಾರಿ ಸಿಗದ ಹೈ ವೋಲ್ಟೇಜ್ ಕಾಯಿಲ್‌ ಒಳಗೇ ಸಿಡಿದು ಅದನ್ನು ಕೊಲ್ಲುತ್ತದೆ.

ಕಿಡಿ ಬರಲಿಲ್ಲವೋ, ಮೀಟರ್ ಹಿಡಿಯಿರಿ. ಇಂಥ ಗಾಡಿಗಳಲ್ಲಿ ಕಪ್ಪು-ಕೆಂಪಿನಿಂದ ಹಸಿರಿಗೆ ಸಾಮಾನ್ಯವಾಗಿ 100ರಿಂದ 400 ಓಮ್, ನೀಲಿ-ಬಿಳಿಯಿಂದ ಹಸಿರಿಗೆ 50ರಿಂದ 200 ಓಮ್ ತೋರಿಸುತ್ತದೆ. ಸೊನ್ನೆ ಬಂದರೆ ಶಾರ್ಟ್, ಏನೂ ಬರದಿದ್ದರೆ ಕಾಯಿಲ್ ತುಂಡಾಗಿದೆ. ತಣ್ಣಗಿದ್ದಾಗ ಸರಿಯಾಗಿ ಓಡಿ, ಸೇಡಂ ರಸ್ತೆಯಲ್ಲಿ ಇಪ್ಪತ್ತು ನಿಮಿಷಕ್ಕೆ ನಿಂತು, ಆರಿದ ಮೇಲೆ ಮತ್ತೆ ಚಾಲೂ ಆಗುವ ಗಾಡಿಯಾದರೆ ನಿಂತ ಜಾಗದಲ್ಲೇ, ಬಿಸಿಯಲ್ಲೇ ಅಳೆಯಬೇಕು. ಮನೆಗೆ ತಂದು ತಣ್ಣಗಾದ ಮೇಲೆ ಅಳೆದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಅದಕ್ಕೂ ಮುಂಚೆ ಟ್ಯಾಂಕ್ ಮುಚ್ಚಳ ತೆರೆದು ನೋಡಿ. ಗಾಳಿ ಒಳಗೆಳೆದ ಸದ್ದು ಬಂದು, ಆಮೇಲೆ ಗಾಡಿ ಚಾಲೂ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದರ್ಥ. ಶಹಾಬಾದ್, ವಾಡಿ ಕಡೆಯ ಸಿಮೆಂಟ್ ಧೂಳಿಗೆ ಇದು ಅಪರೂಪವಲ್ಲ.

ಬೋಲ್ಟ್ ಇಲ್ಲದ ಕಾಯಿಲನ್ನು ಪಟ್ಟಿ ಕಟ್ಟಿ ನಿಲ್ಲಿಸುವುದು ದೊಡ್ಡ ಪೀಡೆ. ಕಾಯಿಲ್‌ನ ಲೋಹ ಚಾಸಿಗೆ ಗಟ್ಟಿಯಾಗಿ ಕೂರದಿದ್ದರೆ, ಹಸಿರು ವೈರೂ ಕಿಲುಬು ಹಿಡಿದಿದ್ದರೆ, ಅರ್ತಿಂಗ್ ಸರಿಯಾಗದೆ ಕಿಡಿ ಹಳದಿಯಾಗಿ ಬರುತ್ತದೆ. 10 ನಂಬರ್ ಪಾನಾ ಹಿಡಿಯುವ 6 ಎಂಎಂ ಬೋಲ್ಟ್ ಎರಡು ತನ್ನಿ, ಕೂರುವ ಜಾಗದ ಪೇಂಟ್ ಕೆರೆದು ಬಿಗಿಯಿರಿ. ಸೆಟ್‌ನಲ್ಲಿ ಈ ಬೋಲ್ಟೂ ಇಲ್ಲ, ಸಿಡಿಐ ರಬ್ಬರೂ ಇಲ್ಲ. ಅರ್ಧ ಅಂಕ ಹೋದದ್ದು ಅದಕ್ಕೆ. ರಬ್ಬರ್ ಇಲ್ಲದ ಸಿಡಿಐ ಅಲುಗಾಡಿ ಸಾಕೆಟ್ಟಿನ ಪಿನ್ ಸಡಿಲಾಗುತ್ತವೆ. ಹಳೇ ಸೈಕಲ್ ಟ್ಯೂಬ್ ಎರಡು ಸುತ್ತು ಸುತ್ತಿ ಕೂರಿಸಿದರೆ ಸಾಕು.

ಪ್ಲಗ್ ಕ್ಯಾಪ್ ಮಾತ್ರ ಮೊದಲ ಮಳೆಗೇ ಸೋತಿತು. ಎರಡೂ ತುದಿಯ ರಬ್ಬರ್ ಸಡಿಲ, ಒಳಗೆ ನೀರು ಹೋಗಿ ಕರೆಂಟು ಎಂಜಿನ್‌ಗೆ ಹಾರುತ್ತಿತ್ತು. ಕತ್ತಲಲ್ಲಿ ನೋಡಿದರೆ ಕಣ್ಣಿಗೇ ಕಾಣುತ್ತದೆ. 5 ಕಿಲೋ ಓಮ್‌ನ ಒಳ್ಳೇ ಕ್ಯಾಪ್ ಬೇರೆ ತಂದು, ಎಚ್‌ಟಿ ವೈರಿನ ತುದಿ ಅರ್ಧ ಸೆಂಟಿಮೀಟರ್ ಕತ್ತರಿಸಿ ತಿರುಗಿಸಿ ಹಾಕಿದ ಮೇಲೆ ಆ ತೊಂದರೆ ಇಲ್ಲ. ಪ್ಲಗ್ ಗ್ಯಾಪ್ 0.6ರಿಂದ 0.7 ಎಂಎಂ ಇಡಿ. ಸೈಡ್ ಕವರ್ ಇಲ್ಲದೆ ಎರೆಮಣ್ಣಿನ ಹೊಲದ ದಾರಿ ತುಳಿದರೆ ಕೆಸರು ಸಾಕೆಟ್‌ಗೆ ಮೆತ್ತುತ್ತದೆ. ಗುಜರಿಯಿಂದ ಬೇರೆ ಬಣ್ಣದ ಕವರ್ ಆದರೂ ಪರವಾಗಿಲ್ಲ, ಹಾಕಿಸಿ.

ಕಿಡಿ ಚೆನ್ನಾಗಿದ್ದೂ ಕಿಕ್ ಹಿಂದಕ್ಕೆ ಒದ್ದರೆ, ಸೈಲೆನ್ಸರ್‌ನಲ್ಲಿ ಪಟಾಕಿ ಹೊಡೆದರೆ, ಮ್ಯಾಗ್ನೆಟ್ ಬಿಚ್ಚಿಸಿ ಅರ್ಧಚಂದ್ರದ ಕೀ ಇದೆಯೋ ನೋಡಿ. ಅದು ಕತ್ತರಿಸಿದ್ದರೆ ಅಥವಾ ಯಾರೋ ಹಾಕದೇ ಬಿಟ್ಟಿದ್ದರೆ ಟೈಮಿಂಗ್ ಸರಿದಿರುತ್ತದೆ, ಯಾವ ಸಿಡಿಐ ಹಾಕಿದರೂ ಅಷ್ಟೇ. ಮ್ಯಾಗ್ನೆಟ್ ತೆಗೆಯಲು ಪುಲ್ಲರ್ ಬೇಕು, ಸುತ್ತಿಗೆ ಅಲ್ಲ.

ಕೊಳ್ಳುವುದೇ ಆದರೆ ಹಳೇ ಸಿಡಿಐ ಕೈಯಲ್ಲಿ ಹಿಡಿದುಕೊಂಡು ಹೋಗಿ. ಸಾಕೆಟ್ ಹೊಂದಿದರೆ ಸಾಲದು, ಎಸಿ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಬ್ಯಾಟರಿಯಿಂದ ನಡೆಯುವ ಡಿಸಿ ಸಿಡಿಐ ಇದಕ್ಕೆ ಹಾಕಿದರೆ ಸುಟ್ಟುಹೋಗಬಹುದು. ಎಲೆಕ್ಟ್ರಿಕಲ್ ಸಾಮಾನು ಬಿಲ್ ಆದ ಮೇಲೆ ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಗಾಡಿ ಅಂಗಡಿ ಮುಂದೆಯೇ ನಿಲ್ಲಿಸಿ, ಸಿಕ್ಕಿಸಿ, ಕಿಕ್ ಹೊಡೆದು ನೋಡಿಯೇ ದುಡ್ಡು ಕೊಡಿ.