ಗ್ಲೆಂಟ್ರೆಸ್‌ನ ನೀಲಿ ದಾರಿ: ತುರುಗೋಳಿನ ಸೀಮೆಯಲ್ಲಿ ಸೈಕಲ್ ಸವಾರಿ

ಎಡಿನ್‌ಬರಾದಿಂದ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ, ಪೀಬಲ್ಸ್ ಪಟ್ಟಣವನ್ನು ದಾಟಿ ಟ್ವೀಡ್ ನದಿಯ ಜೊತೆಗೇ ಪೂರ್ವಕ್ಕೆ ಸ್ವಲ್ಪ ಮುಂದೆ ಹೋದರೆ, ಎಡಗಡೆಯ ಗುಡ್ಡಗಳನ್ನೆಲ್ಲ ಮುಚ್ಚಿಕೊಂಡಿರುವ ಕಾಡು ಕಾಣುತ್ತದೆ. ಅದೇ ಗ್ಲೆಂಟ್ರೆಸ್. ಕಳೆದ ನಾಲ್ಕು ವರ್ಷಗಳಲ್ಲಿ ನಾನು ಇಲ್ಲಿಗೆ ಹತ್ತಾರು ಬಾರಿ ಹೋಗಿದ್ದೇನೆ. ಮೊದಲು ಒಬ್ಬನೇ, ಆಮೇಲೆ ಹೆಂಡತಿಯ ಜೊತೆ, ಈಗ ಹನ್ನೊಂದು ವರ್ಷದ ಮಗಳ ಜೊತೆ. ಸ್ಕಾಟ್ಲೆಂಡಿಗೆ ಹೊಸದಾಗಿ ಬಂದ ಕನ್ನಡದ ಗೆಳೆಯರು ಬೆಟ್ಟದ ಸೈಕಲ್ ಸವಾರಿಯೆಂದರೆ ಕೈಕಾಲು ಮುರಿದುಕೊಳ್ಳುವ ಆಟವೆಂದು ತಿಳಿದು ಮಕ್ಕಳನ್ನು ಕಳಿಸಲು ಹಿಂಜರಿಯುತ್ತಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ಜಿಲ್ಲೆಯ ಹೆಸರೇ ಸ್ಕಾಟಿಷ್ ಬಾರ್ಡರ್ಸ್. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಇಂದಿನ ಗಡಿರೇಖೆ ಇಲ್ಲಿಂದ ಇನ್ನೂ ದಕ್ಷಿಣಕ್ಕಿದ್ದರೂ, ಎರಡು ರಾಜ್ಯಗಳ ನಡುವೆ ಸಿಕ್ಕಿಕೊಂಡು ನೂರಾರು ವರ್ಷ ಬದುಕಿದ ಸೀಮೆ ಇದು. ಹದಿಮೂರನೆಯ ಶತಮಾನದಿಂದ ಹದಿನೇಳನೆಯ ಶತಮಾನದ ಆರಂಭದವರೆಗೆ ಇಲ್ಲಿ ರೀವರ್‌ಗಳೆಂಬ ದಾಳಿಕಾರರ ಕಾಲ ನಡೆಯಿತು. ಗಿಡ್ಡ, ಗಟ್ಟಿಮುಟ್ಟಾದ ಕುದುರೆಗಳನ್ನೇರಿ ರಾತ್ರಿಯ ಹೊತ್ತು ಗುಡ್ಡ ದಾಟಿ ಬಂದು, ಎದುರಾಳಿ ಮನೆತನದ ದನಗಳನ್ನು ಹೊಡೆದುಕೊಂಡು ಹೋಗುವುದು ಅವರ ಜೀವನಕ್ರಮವೇ ಆಗಿತ್ತು. ನಾವು ದಿನವೂ ಬಳಸುವ ‘ಬ್ಲ್ಯಾಕ್‌ಮೇಲ್’ ಎಂಬ ಮಾತು ಹುಟ್ಟಿದ್ದು ಈ ಸೀಮೆಯಲ್ಲಿ, ದಾಳಿಯಿಂದ ಉಳಿಯಲು ರೈತರು ತೆರಬೇಕಾಗಿದ್ದ ಕಪ್ಪದಿಂದ. ಹಳಗನ್ನಡ ಶಾಸನಗಳ ತುರುಗೋಳನ್ನು, ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವ ದಾಳಿಯನ್ನು, ಬಲ್ಲವರಿಗೆ ಈ ಕಥೆ ಹೊಸದೆನಿಸುವುದಿಲ್ಲ. ನಮ್ಮವರು ದನ ಬಿಡಿಸಲು ಹೋಗಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದರು, ಇಲ್ಲಿಯವರು ಲಾವಣಿ ಕಟ್ಟಿದರು. 1603ರಲ್ಲಿ ಆರನೆಯ ಜೇಮ್ಸ್ ಇಂಗ್ಲೆಂಡಿಗೂ ಅರಸನಾದ ಮೇಲೆ ಈ ದಾಳಿಗಳನ್ನು ಕಠೋರವಾಗಿ ಅಡಗಿಸಲಾಯಿತು. ಕಾಡಿನ ಬುಡದಲ್ಲಿರುವ ಸ್ವಾಗತ ಕೇಂದ್ರಕ್ಕೆ ಗ್ಲೆಂಟ್ರೆಸ್ ಪೀಲ್ ಎಂದು ಹೆಸರು. ಪೀಲ್ ಎಂದರೆ ನೆಲಮಟ್ಟದಲ್ಲಿ ದನಗಳನ್ನು ಕೂಡಿ, ಮೇಲಿನ ಅಂತಸ್ತಿನಲ್ಲಿ ಮನೆಯವರು ಬಾಗಿಲು ಭದ್ರಪಡಿಸಿಕೊಂಡು ಕುಳಿತುಕೊಳ್ಳುತ್ತಿದ್ದ ದಪ್ಪ ಗೋಡೆಯ ಕಲ್ಲಿನ ಗೋಪುರಮನೆ. ರಸ್ತೆಯ ಪಕ್ಕದಲ್ಲೇ ಕಾಣುವ ಹಾರ್ಸ್‌ಬ್ರಾ ಕೋಟೆಯ ಮುರುಕು ಗೋಡೆಗಳನ್ನು ನೋಡಿಕೊಂಡೇ ಕಾಡಿಗೆ ಬರಬಹುದು.

ಈಗ ಸವಾರಿಯ ವಿಷಯ. ದಕ್ಷಿಣ ಸ್ಕಾಟ್ಲೆಂಡಿನ ಸರ್ಕಾರಿ ಕಾಡುಗಳಲ್ಲಿ ‘ಸೆವೆನ್ ಸ್ಟೇನ್ಸ್’ ಎಂಬ ಹೆಸರಿನಲ್ಲಿ ಬೆಟ್ಟದ ಸೈಕಲ್ ಕೇಂದ್ರಗಳ ಒಂದು ಸಾಲಿದೆ. ಸ್ಟೇನ್ ಎಂದರೆ ಸ್ಕಾಟ್ಸ್ ಭಾಷೆಯಲ್ಲಿ ಕಲ್ಲು. ಪ್ರತಿಯೊಂದು ಕೇಂದ್ರದ ದಾರಿಯಲ್ಲಿಯೂ ಒಂದು ಕೆತ್ತನೆಯ ಕಲ್ಲನ್ನು ನಿಲ್ಲಿಸಿದ್ದಾರೆ. ಇವುಗಳಲ್ಲಿ ಹೆಚ್ಚು ಜನ ಬರುವುದು ಗ್ಲೆಂಟ್ರೆಸ್‌ಗೆ. ಇಲ್ಲಿನ ದಾರಿಗಳನ್ನು ಬಣ್ಣದಿಂದ ಗುರುತಿಸುತ್ತಾರೆ: ಹಸಿರು ಸುಲಭ, ನೀಲಿ ಮಧ್ಯಮ, ಕೆಂಪು ಕಠಿಣ, ಕಪ್ಪು ಅತಿ ಕಠಿಣ. ನೀಲಿ ಸುತ್ತು ಸುಮಾರು 16 ಕಿ.ಮೀ., ಕೆಂಪು ಸುಮಾರು 18, ಕಪ್ಪು ಸುಮಾರು 29. ಕೆಂಪು ದಾರಿಯು ನೀಲಿಗಿಂತ ಎರಡೇ ಕಿಲೋಮೀಟರು ಹೆಚ್ಚು ಎಂದು ಯಾರೂ ಮೋಸ ಹೋಗಬಾರದು. ಬಣ್ಣವು ಹೇಳುವುದು ದೂರವನ್ನಲ್ಲ, ನೆಲ ಎಷ್ಟು ಕಡಿದಾಗಿದೆ ಮತ್ತು ಎಷ್ಟು ಒರಟಾಗಿದೆ ಎಂಬುದನ್ನು.

ನೀಲಿ ದಾರಿಯನ್ನು ನಾನು ಮೆಚ್ಚುವುದಕ್ಕೆ ಕಾರಣವಿದೆ. ಕಷ್ಟವನ್ನು ಒಮ್ಮೆಗೇ ತಲೆಯ ಮೇಲೆ ಹಾಕದೆ, ತುಸುತುಸುವಾಗಿ ಹೆಚ್ಚಿಸುತ್ತ ಹೋಗುವಂತೆ ಅದನ್ನು ಕಡಿದವರು ನಿಜವಾದ ಮೇಷ್ಟರುಗಳು. ಏರುದಾರಿ ನೇರವಾಗಿ ಮೇಲೆ ನುಗ್ಗುವುದಿಲ್ಲ. ಮರಗಳ ನಡುವೆ ಹಾವಿನಂತೆ ಸುತ್ತಿ ಸುತ್ತಿ ಹತ್ತುತ್ತದೆ. ಹಗುರವಾದ ಗೇರಿನಲ್ಲಿ, ಮಾತಾಡಲು ಉಸಿರು ಉಳಿಯುವಷ್ಟು ನಿಧಾನವಾಗಿ ತುಳಿದರೆ ಮಕ್ಕಳೂ ಹತ್ತುತ್ತಾರೆ. ನಡುವೆ ಬಜರ್ಡ್ಸ್ ನೆಸ್ಟ್ ಎಂಬ ಜಾಗದಲ್ಲಿ ನಿಂತು, ನೀರು ಕುಡಿದು, ಕೆಳಗಿನ ಟ್ವೀಡ್ ಕಣಿವೆಯನ್ನು ನೋಡಬಹುದು. ಇಳಿಜಾರಿನಲ್ಲಿ ಮೊದಲ ತಿರುವುಗಳು ಅಗಲ, ನೆಲ ನಯ. ಮುಂದೆ ಹೋದಂತೆ ತಿರುವುಗಳು ಹತ್ತಿರವಾಗುತ್ತವೆ, ಉಬ್ಬುಗಳು ಎತ್ತರವಾಗುತ್ತವೆ. ತಿರುವಿನ ಹೊರಬದಿಗೆ ಬಟ್ಟಲಿನ ಅಂಚಿನಂತೆ ಎತ್ತರಿಸಿದ ಮಣ್ಣುಕಲ್ಲಿನ ಕಟ್ಟೆಗೆ ಬರ್ಮ್ ಎನ್ನುತ್ತಾರೆ, ಇಂಥ ತಿರುವುಗಳೇ ತುಂಬಿರುವ ಒಂದು ಇಳಿಜಾರಿಗೆ ‘ಬರ್ಮ್ ಬೇಬಿ ಬರ್ಮ್’ ಎಂದೇ ಹೆಸರಿಟ್ಟಿದ್ದಾರೆ. ವೇಗದಲ್ಲಿ ಬಂದ ಚಕ್ರವನ್ನು ಆ ಕಟ್ಟೆಯೇ ಆತುಕೊಂಡು ತಿರುಗಿಸುತ್ತದೆ. ಅದನ್ನು ನಂಬಿ ಸೈಕಲನ್ನು ಓರೆಯಾಗಿಸುವುದನ್ನು ಕಲಿಯುವವರೆಗೆ ಎಲ್ಲರಿಗೂ ಭಯ ಇರುತ್ತದೆ.

ನನ್ನ ಮಗಳು ಮೊದಲ ಸಲ ಒಂದು ತಿರುವಿನ ನಡುವೆಯೇ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಜಾರಿ ಬಿದ್ದಳು. ಮೊಣಕಾಲಿನ ಕವಚ ಇದ್ದುದರಿಂದ ಮಣ್ಣು ಕೊಡವಿಕೊಂಡು ಎದ್ದಳು. ಅಲ್ಲಿಯೇ ಅರ್ಧ ಗಂಟೆ ಕುಳಿತು, ಅದೇ ತಿರುವನ್ನು ಆರೇಳು ಬಾರಿ ಮಾಡಿಸಿದೆ: ವೇಗವನ್ನು ತಿರುವಿಗೆ ಮುಂಚೆಯೇ ತಗ್ಗಿಸಬೇಕು, ಎರಡು ಪೆಡಲುಗಳೂ ಸಮಮಟ್ಟದಲ್ಲಿರಬೇಕು, ಸೀಟನ್ನು ಇಳಿಸಿ ಮೈಯನ್ನು ಮೇಲೆತ್ತಿರಬೇಕು, ಕಣ್ಣು ಮುಂಚಕ್ರದ ಮೇಲಿರದೆ ತಿರುವಿನ ಕೊನೆಯನ್ನು ನೋಡುತ್ತಿರಬೇಕು. ಈ ಪಾಠಕ್ಕೆ ನೀಲಿ ದಾರಿಯಷ್ಟು ಅನುಕೂಲವಾದ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ, ಏಕೆಂದರೆ ಇಲ್ಲಿನ ಉಬ್ಬುಗಳನ್ನು ಚಕ್ರ ನೆಲ ಬಿಡದೆಯೇ ದಾಟಬಹುದು. ಹಾರಲೇಬೇಕೆಂಬ ಒತ್ತಾಯ ಇಲ್ಲ.

ಕೆಂಪು ದಾರಿ ಬೇರೆಯೇ ಲೋಕ. ಅದರ ‘ಸ್ಪೂಕಿ ವುಡ್’ ಎಂಬ ಇಳಿಜಾರು ಬ್ರಿಟನ್ನಿನ ಸವಾರರಲ್ಲೆಲ್ಲ ಹೆಸರಾದದ್ದು, ಆ ಹೆಸರಿಗೆ ಅದು ಅರ್ಹವಾಗಿಯೂ ಇದೆ. ಆದರೆ ನೀಲಿಯನ್ನು ನಾಲ್ಕೈದು ಸಲ ನಿಲ್ಲದೆ, ಕೈ ಬಿಗಿಯದೆ ಇಳಿಯಲು ಬಂದ ಮೇಲಷ್ಟೇ ಅಲ್ಲಿಗೆ ಹೋಗುವುದು ಒಳ್ಳೆಯದು. ಕಪ್ಪು ದಾರಿ 602 ಮೀಟರು ಎತ್ತರದ ಡನ್‌ಸ್ಲೇರ್ ಹೈಟ್ಸ್‌ವರೆಗೆ ಏರುತ್ತದೆ. ನಾನು ಅದನ್ನು ಒಮ್ಮೆ ಮಾತ್ರ ಮುಗಿಸಿದ್ದೇನೆ, ಮುಕ್ಕಾಲು ದಿನ ಬೇಕಾಯಿತು. 2023ರ ಆಗಸ್ಟಿನಲ್ಲಿ ವಿಶ್ವ ಸೈಕ್ಲಿಂಗ್ ಚಾಂಪಿಯನ್‌ಶಿಪ್‌ನ ಕ್ರಾಸ್‌ಕಂಟ್ರಿ ಪಂದ್ಯಗಳು ನಡೆದದ್ದು ಈ ಕಾಡಿನಲ್ಲಿಯೇ. ಪುರುಷರ ಒಲಿಂಪಿಕ್ ಮಾದರಿಯ ಪಂದ್ಯವನ್ನು ಟಾಮ್ ಪಿಡ್ಕಾಕ್ ಗೆದ್ದರು. ಅವರು ಓಡಿಸಿದ ಗುಡ್ಡದಲ್ಲಿಯೇ ಮಕ್ಕಳು ಹಸಿರು ದಾರಿಯಲ್ಲಿ ಬ್ಯಾಲೆನ್ಸ್ ಕಲಿಯುತ್ತಿರುತ್ತಾರೆ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಕಾಡಿನ ಬಗ್ಗೆಯೂ ನೇರವಾಗಿ ಹೇಳಬೇಕು. ಇದು ನಮ್ಮ ಪಶ್ಚಿಮಘಟ್ಟದಂತಹ ಕಾಡಲ್ಲ. ಮೊದಲ ಮಹಾಯುದ್ಧದಲ್ಲಿ ಮರದ ಕೊರತೆಯಿಂದ ಕಂಗೆಟ್ಟ ಬ್ರಿಟನ್ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿತು; ಅದು ಮೊದಮೊದಲು ಬೆಳೆಸಿದ ಕಾಡುಗಳಲ್ಲಿ ಗ್ಲೆಂಟ್ರೆಸ್ ಒಂದು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಿಂದ ತಂದ ಸಿಟ್ಕಾ ಸ್ಪ್ರೂಸ್ ಮರಗಳ ಸಾಲುಗಳ ನಡುವೆ ಹೋಗುವಾಗ ನೆಲದಲ್ಲಿ ಹುಲ್ಲೂ ಇಲ್ಲದ ಕತ್ತಲು, ಹಕ್ಕಿಯ ದನಿಯೂ ಅಪರೂಪ. ಮಲೆನಾಡಿನ ಅಕೇಶಿಯಾ ನೆಡುತೋಪುಗಳನ್ನು ನೋಡಿದವರಿಗೆ ಆ ಮೌನದ ಪರಿಚಯ ಇರುತ್ತದೆ. ಆದರೆ ಇದೇ ಕಾಡಿನ ಒಂದು ಭಾಗದಲ್ಲಿ, 1952ರಲ್ಲಿ ಎಡಿನ್‌ಬರಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಆಂಡರ್ಸನ್ ಅವರು, ಎಲ್ಲ ಮರಗಳನ್ನೂ ಒಮ್ಮೆಲೇ ಕಡಿಯುವ ಬದಲು ಆಯ್ದು ಕಡಿಯುತ್ತ, ಬೇರೆ ಬೇರೆ ವಯಸ್ಸಿನ ಮತ್ತು ಜಾತಿಯ ಮರಗಳು ಕೂಡಿ ಬೆಳೆಯುವಂತೆ ಮಾಡುವ ದೀರ್ಘ ಪ್ರಯೋಗವನ್ನು ಆರಂಭಿಸಿದರು. ಮಿಶ್ರ ಮರಗಳಿರುವ ಕಡೆ ಬೆಳಕು ಬೇರೆ, ವಾಸನೆ ಬೇರೆ.

ಇದು ಇಂದಿಗೂ ಮರ ಕಡಿಯುವ ಕಾಡಾದ್ದರಿಂದ ಕೆಲವು ದಾರಿಗಳನ್ನು ಆಗಾಗ ಮುಚ್ಚುತ್ತಾರೆ. ಬಿರುಗಾಳಿಯ ನಂತರವಂತೂ ಮರಗಳು ಉರುಳಿ ದಾರಿ ಕಟ್ಟಿರುತ್ತವೆ. ಹೊರಡುವ ದಿನ ಬೆಳಿಗ್ಗೆ ಫಾರೆಸ್ಟ್ರಿ ಅಂಡ್ ಲ್ಯಾಂಡ್ ಸ್ಕಾಟ್ಲೆಂಡ್ ಸಂಸ್ಥೆಯ ಪ್ರಕಟಣೆಯನ್ನು ನೋಡಿಕೊಳ್ಳಿ, ಅಡ್ಡ ಕಟ್ಟಿದ ಕಡೆ ದಾಟಿ ಹೋಗಬೇಡಿ. ದಾರಿಗಳಿಗೆ ಶುಲ್ಕವಿಲ್ಲ, ಕಾರು ನಿಲ್ಲಿಸಲು ಮಾತ್ರ ಇದೆ. ಕಾರಿಲ್ಲದವರು ಎಡಿನ್‌ಬರಾದಿಂದ ಪೀಬಲ್ಸ್ ಕಡೆ ಹೋಗುವ ಎಕ್ಸ್62 ಬಸ್ಸನ್ನು ಹಿಡಿಯಬಹುದು. 1962ರಲ್ಲಿ ಮುಚ್ಚಿದ ರೈಲುಮಾರ್ಗದ ಜಾಗದಲ್ಲಿ ಪೀಬಲ್ಸ್‌ನಿಂದ ಇನ್ನರ್‌ಲೀದನ್‌ವರೆಗೆ ಸಮತಟ್ಟಾದ ಸೈಕಲ್ ದಾರಿಯೂ ಇದೆ, ಗುಡ್ಡ ಹತ್ತಲು ಒಲ್ಲದ ಹಿರಿಯರಿಗೆ ಅದು ಹೇಳಿ ಮಾಡಿಸಿದ್ದು.

ಸೈಕಲ್ಲನ್ನು ಬಾಡಿಗೆಗೆ ಪಡೆಯುವವರು ಅದನ್ನು ತಾವೇ ಪರೀಕ್ಷಿಸಬೇಕು. ಎಡಿನ್‌ಬರಾದ ಒಂದು ಅಂಗಡಿಯಿಂದ ನಾನು ತಂದ ಸೈಕಲ್ಲಿನ ಹಿಂದಿನ ಬ್ರೇಕಿನ ಪ್ಯಾಡುಗಳು ಪೂರ್ತಿ ಸವೆದಿದ್ದವು, ಅದು ನನಗೆ ಗೊತ್ತಾದದ್ದು ಗುಡ್ಡದ ಮೇಲೆ. ಅಂದು ಅರ್ಧ ದಾರಿಯನ್ನು ನಡೆದೇ ಇಳಿದೆ. ಅಂಗಡಿಯ ಮುಂದೆಯೇ ಎರಡೂ ಬ್ರೇಕುಗಳನ್ನು ಹಿಡಿದು ಸೈಕಲ್ಲನ್ನು ಮುಂದೆ ತಳ್ಳಿ ನೋಡಿ, ಸಸ್ಪೆನ್ಷನ್ನನ್ನು ನಿಮ್ಮ ತೂಕಕ್ಕೆ ಹೊಂದಿಸಿಕೊಡಲು ಕೇಳಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ ಎಂಬುದನ್ನು ನಮ್ಮ ಕಡೆಯವರು ಮರೆಯುವುದುಂಟು. ಆ ದಿನಗಳಲ್ಲಿ ಬೆಳಿಗ್ಗೆ ಹತ್ತಕ್ಕೇ ಚಕ್ರ ಉರುಳಬೇಕು. ಯಾರಾದರೂ ಬಿದ್ದು ಏಳಲಾಗದಿದ್ದರೆ 999ಕ್ಕೆ ಕರೆ ಮಾಡಿ ಪೊಲೀಸರನ್ನೂ ಮೌಂಟನ್ ರೆಸ್ಕ್ಯೂವನ್ನೂ ಕೇಳಬೇಕು. ಟ್ವೀಡ್ ಕಣಿವೆಯ ಆ ತಂಡದವರು ಸ್ವಯಂಸೇವಕರು, ಹಣ ಪಡೆಯುವುದಿಲ್ಲ.

ಈಗ ಮಗಳು ನೀಲಿಯನ್ನು ನಿಲ್ಲದೆ ಇಳಿಯುತ್ತಾಳೆ. ಬರುವ ಬೇಸಿಗೆಯಲ್ಲಿ ಅವಳನ್ನು ಇದೇ ಸಾಲಿನ ನ್ಯೂಕಾಸಲ್‌ಟನ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ರೀವರ್‌ಗಳಿಗೆ ಹೆಸರಾದ ಲಿಡ್ಡೆಸ್‌ಡೇಲ್ ಕಣಿವೆ ಅದು, ಅಲ್ಲಿನ ಕೆತ್ತನೆಯ ಕಲ್ಲು ನಿಂತಿರುವುದು ಸರಿಯಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿರೇಖೆಯ ಮೇಲೆ.