ಕ್ರೂಗರ್ ಸಫಾರಿ: ಬಾಡಿಗೆ ಕಾರೋ, ಉದ್ಯಾನದ ವಾಹನವೋ, ಖಾಸಗಿ ಅರಣ್ಯವೋ?

ನಾಗರಹೊಳೆ, ಕಬಿನಿಗಳಲ್ಲಿ ಅರಣ್ಯ ಸುತ್ತಿದ ನನಗೆ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಒಂದು ವಿಷಯ ನಂಬಲೇ ಆಗಿರಲಿಲ್ಲ: ಅಲ್ಲಿ ನಮ್ಮದೇ ಕಾರಿನಲ್ಲಿ ಕಾಡಿನೊಳಗೆ ಹೋಗಬಹುದು. ಜುಲೈ ತಿಂಗಳಲ್ಲಿ ಅಮ್ಮ, ನನ್ನ ಗಂಡ ಮತ್ತು ನಾನು ಆರು ದಿನ ಅಲ್ಲಿದ್ದು ಮೂರು ಬಗೆಯ ಸಫಾರಿಯನ್ನೂ ಮಾಡಿದೆವು.

ಮೊದಲ ನಾಲ್ಕು ದಿನ ಬಾಡಿಗೆ ಕಾರು. ಅಲ್ಲಿಯೂ ರಸ್ತೆಯ ಎಡಗಡೆಯಲ್ಲೇ ಸಂಚಾರವಾದ್ದರಿಂದ ಓಡಿಸುವುದು ಸಲೀಸು. ಡಾಂಬರು ರಸ್ತೆಯಲ್ಲಿ ವೇಗದ ಮಿತಿ 50 ಕಿ.ಮೀ., ಮಣ್ಣಿನ ರಸ್ತೆಯಲ್ಲಿ 40. ನಾವು 25 ದಾಟಿದ್ದೇ ಅಪರೂಪ. ಸ್ಕುಕುಜಾ ಶಿಬಿರದಿಂದ ಲೋಯರ್ ಸಾಬಿ ಶಿಬಿರಕ್ಕೆ ನದಿಯ ಗುಂಟ ಸಾಗುವ ದಾರಿ 45 ಕಿ.ಮೀ. ಆಸುಪಾಸು, ನಮಗೆ ಐದು ಗಂಟೆ ಹಿಡಿಯಿತು.

ಆ ದಾರಿಯಲ್ಲೇ ಇಂಪಾಲಾ ಜಿಂಕೆಗಳ ಹಿಂಡೊಂದು ಮೇಯುವುದನ್ನು ಬಿಟ್ಟು ಒಂದೇ ಪೊದೆಯತ್ತ ಮುಖ ಮಾಡಿ ನಿಂತಿತ್ತು. ಒಂದೆರಡು ಗಂಡುಗಳು ಬುಸುಗುಡುತ್ತಿದ್ದವು. ನಮ್ಮ ಕಾಡಿನ ಸಾರಂಗದ ಕೂಗು ಕೇಳಿ ಪಳಗಿದ ಕಿವಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಂಜಿನ್ ಆರಿಸಿದೆವು. ಹಿಂದೆ ಬಂದ ಕಾರುಗಳು ಅರೆಗಳಿಗೆ ನಿಂತು ಮುಂದೆ ಹೋದವು. ಐವತ್ತು ನಿಮಿಷವಾದ ಮೇಲೆ ಪೊದೆಯಿಂದ ಚಿರತೆಯೊಂದು ಹೊರಬಂದು, ರಸ್ತೆ ದಾಟಿ, ನದಿಯ ಕಡೆಗೆ ಇಳಿಯಿತು. ನೋಡಿದ್ದು ಒಂದು ನಿಮಿಷವೂ ಇಲ್ಲ. ಆದರೆ ಅದನ್ನು ಕಂಡುಕೊಂಡವರು ನಾವು. ಆ ಸಂತೋಷ ಇವತ್ತಿಗೂ ಮಾಸಿಲ್ಲ.

ಕಾರಿನ ಕಷ್ಟಗಳೂ ಇವೆ. ನಿಗದಿತ ಜಾಗಗಳ ಹೊರತು ಇಳಿಯುವಂತಿಲ್ಲ. ಶೌಚಾಲಯಕ್ಕೆ ಶಿಬಿರವನ್ನೋ ವಿಶ್ರಾಂತಿ ತಾಣವನ್ನೋ ತಲುಪಬೇಕು. ವಯಸ್ಸಾದವರು ಜೊತೆಗಿದ್ದರೆ ಬೆಳಿಗ್ಗೆಯೇ ಇದನ್ನು ಲೆಕ್ಕ ಹಾಕಿಕೊಳ್ಳಿ. ಜುಲೈಯಲ್ಲಿ ಸಂಜೆ 5.30ಕ್ಕೆ ಗೇಟು ಮುಚ್ಚುತ್ತದೆ. ಪ್ರಾಣಿಗಳು ನೆರಳು ಬಿಟ್ಟು ಹೊರಡುವ ಆ ಹೊತ್ತಿನಲ್ಲೇ ನಾವು ಕಿಲೋಮೀಟರು ಎಣಿಸುತ್ತಾ ಹಿಂದಿರುಗಬೇಕು.

ಕತ್ತಲಾದ ಮೇಲಿನ ಕಾಡು ಬೇಕೆಂದರೆ ಉದ್ಯಾನದ ವಾಹನವೇ ಗತಿ. ಸುಮಾರು ಇಪ್ಪತ್ತು ಜನ ಕೂರುವ, ಬದಿಗಳು ತೆರೆದಿರುವ ಎತ್ತರದ ಟ್ರಕ್ಕು ಅದು. ಕೈದೀಪದ ಬೆಳಕಿನಲ್ಲಿ ಕತ್ತೆಕಿರುಬ, ಪುನುಗು ಬೆಕ್ಕು, ಕೊಂಬೆಯಿಂದ ಕೊಂಬೆಗೆ ಚಿಮ್ಮುವ ಬುಷ್‌ಬೇಬಿಗಳನ್ನು ಕಂಡೆವು. ಈ ಬುಷ್‌ಬೇಬಿ ನಮ್ಮ ಕಾಡುಪಾಪದ ದೂರದ ನೆಂಟ; ಕಣ್ಣು ನೋಡಿದೊಡನೆ ಅಮ್ಮ ಗುರುತು ಹಿಡಿದರು. ಇದಕ್ಕಾಗಿ ಒಂದು ರಾತ್ರಿ ಖಂಡಿತ ಹೋಗಬೇಕು. ಇದೇ ಟ್ರಕ್ಕಿನ ಬೆಳಗಿನ ಸಫಾರಿಯನ್ನು ಮಾತ್ರ ನಾನು ಇನ್ನೊಮ್ಮೆ ಆರಿಸುವುದಿಲ್ಲ. ಇಪ್ಪತ್ತು ಜನರ ನಡುವೆ ಒಬ್ಬರ ಆಸೆಗಾಗಿ ಐವತ್ತು ನಿಮಿಷ ಕಾಯಲಾಗದು. ಚಳಿಗಾಳಿಯೂ ಮೂಳೆಗಿಳಿಯುತ್ತದೆ, ಟೊಪ್ಪಿ, ಶಾಲು ಮರೆಯಬೇಡಿ.

ಕೊನೆಯ ಎರಡು ರಾತ್ರಿ ಕ್ರೂಗರ್‌ಗೆ ಹೊಂದಿಕೊಂಡಿರುವ ಸಾಬಿ ಸ್ಯಾಂಡ್ ಖಾಸಗಿ ಅರಣ್ಯದಲ್ಲಿ ಕಳೆದೆವು. 1993ರಲ್ಲಿ ನಡುವಿನ ಬೇಲಿ ತೆಗೆದದ್ದರಿಂದ ಪ್ರಾಣಿಗಳಿಗೆ ಎರಡೂ ಒಂದೇ ಕಾಡು. ವಾಹನದ ಮೂತಿಯ ಮೇಲಿನ ಆಸನದಲ್ಲಿ ಕುಳಿತ ಜಾಡುಗಾರ ಹೆಜ್ಜೆ ಗುರುತು ಓದುತ್ತಾನೆ. ಬೇಕೆನಿಸಿದರೆ ರಸ್ತೆ ಬಿಟ್ಟು ಪೊದೆಗಳ ನಡುವೆಯೇ ನುಗ್ಗುತ್ತಾರೆ. ಮಲಗಿದ ಚಿರತೆಯ ಪಕ್ಕೆ ಉಸಿರಿಗೆ ಏರಿಳಿಯುವುದನ್ನು ಹತ್ತಿರದಿಂದ ನೋಡಿದೆವು. ಆ ಎರಡು ರಾತ್ರಿಗೆ ತೆತ್ತ ಹಣ ಮೊದಲ ನಾಲ್ಕು ದಿನದ ಒಟ್ಟು ಖರ್ಚನ್ನೂ ಮೀರಿತು.

ಅಮ್ಮನ ಪ್ರಕಾರ ಇದೇ ಶ್ರೇಷ್ಠ: ಮಂಡಿಗೆ ನೋವಿಲ್ಲ, ಹೊತ್ತಿಗೆ ಊಟ, ಕಣ್ತುಂಬ ಚಿರತೆ. ನನ್ನ ಆಯ್ಕೆ ಕಾರೇ. ಮುಂದಿನ ಬಾರಿ ಐದು ದಿನ ಕಾರು, ಒಂದು ರಾತ್ರಿ ಉದ್ಯಾನದ ಟ್ರಕ್ಕು. ಕಾರು ಮಾತ್ರ ಇನ್ನಷ್ಟು ಎತ್ತರದ್ದು. ಈ ಸಲ ಹುಲ್ಲಿನ ಮರೆಯಲ್ಲಿ ಮಲಗಿದ್ದ ಸಿಂಹಿಣಿ ಪಕ್ಕದ ವ್ಯಾನಿನವರಿಗೆ ಕಂಡಿತು, ನಮಗೆ ಕಾಣಲಿಲ್ಲ.